ಗಟ್ಟಿಮೇಳದ ಹೊತ್ತಿಗೆ ಸುಮ್ಮನಾದ ಪಿಯಾನೋ

ಇವರಿಗೆ:
ಪಿಯಾನೋ ವಾದಕಿ ನಂದಿತಾ ಅವರು,
ಅಲ್ಲಾಳಸಂದ್ರ ಕೆರೆಯ ಮಗ್ಗುಲು, ಬೆಂಗಳೂರು.

ಇವರಿಂದ:
ಯೋಗಾನಂದ, ಹೆಣ್ಣಿನ ಸೋದರಮಾವ,
ಕೊಡಿಗೇಹಳ್ಳಿ.

ವಿಷಯ: ತಾವು ಹೊರತಂದಿರುವ ‘ಒಂದು ಕಿಟಕಿ, ಎರಡು ಸ್ವರ’ ಎಂಬ ಪಿಯಾನೋ ಆಲ್ಬಂನಿಂದಾಗಿ, ತುಂಬಿದ ಛತ್ರದಲ್ಲಿ, ನನಗೆ ಉಂಟಾದ ನಷ್ಟದ ಬಗ್ಗೆ.

ಮಾನ್ಯರೇ,

ಮೊದಲು ತಮಗೂ, ತಮ್ಮ ಪಿಯಾನೋವಿಗೂ, ಅದನ್ನು ಇಟ್ಟಿರುವ ಕೋಣೆಯ ಆ ಕಿಟಕಿಗೂ ಕೊಡಿಗೇಹಳ್ಳಿಯಿಂದ ನನ್ನ ವಿನಮ್ರ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಹತ್ತು ಬೆರಳುಗಳೂ ಕ್ಷೇಮವೆಂದೂ ಭಾವಿಸುತ್ತೇನೆ. ಅವುಗಳಲ್ಲಿ ಎಂಟಕ್ಕೆ ತಾವು ಅಷ್ಟೇನೂ ಕೆಲಸ ಕೊಡದಿರುವುದರಿಂದ ಅವು ಕ್ಷೇಮವಾಗಿರದೆ ಬೇರೆ ದಾರಿಯೂ ಇಲ್ಲ. ನಮಗೂ ತಮಗೂ ಮುಖಪರಿಚಯವಿಲ್ಲ. ತಮ್ಮ ಸೀಡಿಯ ಹೊದಿಕೆಯ ಮೇಲೆ ತಮ್ಮ ಬೆನ್ನೂ ಅರ್ಧ ಪಿಯಾನೋವೂ ಕಾಣುವ ಚಿತ್ರವೊಂದಿದೆ. ಮುಖ ತೋರಿಸುವುದರಲ್ಲೂ ತಾವು ಇಷ್ಟು ಮಿತವಾಗಿರುವುದನ್ನು ಕಂಡಾಗಲೇ ನಾನು ಎಚ್ಚರವಾಗಬೇಕಿತ್ತು.

ಈ ಪತ್ರವನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸದೆ, ಬಹಿರಂಗವಾಗಿ ಬರೆದು, ನಮ್ಮ ಗಣೇಶೋತ್ಸವ ಸಮಿತಿಯ ಬೋರ್ಡಿಗೂ ಒಂದು ಪ್ರತಿ ಅಂಟಿಸುತ್ತಿರುವುದಕ್ಕೆ ತಾವು ಬೇಸರ ಮಾಡಿಕೊಳ್ಳಬಾರದು. ನನಗೆ ಆದದ್ದು ಊರಿನ ಎದುರಿಗೆ ಆಯಿತು. ಅದರ ದೂರು ಮಾತ್ರ ಗುಟ್ಟಾಗಿರಲಿ ಎಂದರೆ ನ್ಯಾಯವಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಿಕೊಳ್ಳಲು ಅಪ್ಪಣೆಯಾಗಬೇಕು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನಿನ ಪಕ್ಕ ನಿಂತು ಪ್ರಾಯ ಕಳೆದು ನಿವೃತ್ತನಾದವನು ನಾನು. ಆ ಮಷೀನು ತಗಡಿನ ಮೇಲೆ ಬಿದ್ದರೆ ನೆಲ ಅದುರುತ್ತಿತ್ತು, ಟೀ ಲೋಟ ತಾನಾಗಿ ಸರಿದು ಮೇಜಿನ ಅಂಚಿಗೆ ಬರುತ್ತಿತ್ತು. ಅಂಥ ಕಡೆ ಬಾಳಿದವನಿಗೆ ಸದ್ದೆಂದರೆ ಅನ್ನವಿದ್ದ ಹಾಗೆ, ಇಲ್ಲದಿದ್ದರೆ ನಿದ್ದೆ ಹತ್ತುವುದಿಲ್ಲ. ನಮ್ಮ ಕೊಡಿಗೇಹಳ್ಳಿಯೇನೂ ಕಡಿಮೆಯಲ್ಲ. ಏರ್‌ಪೋರ್ಟ್ ರಸ್ತೆಯ ಪಕ್ಕದ ಬಡಾವಣೆ ಎಂದು ಈಗಿನವರು ಅದನ್ನು ಕರೆದುಕೊಳ್ಳಲಿ, ನಮಗದು ಊರೇ, ಮತ್ತು ಊರೆಂದಮೇಲೆ ಅಲ್ಲಿ ಮಗು ಹುಟ್ಟಿದರೂ, ಸೈಟಿಗೆ ಪಾಯ ತೋಡಿದರೂ, ಗಣಪತಿ ಬಂದರೂ, ಗಣಪತಿ ಹೋದರೂ ನಾಲ್ಕು ಬೀದಿಗೆ ಕೇಳಬೇಕು. ಸದ್ದಿಲ್ಲದೆ ಮಾಡುವ ಕೆಲಸವನ್ನು ನಮ್ಮಲ್ಲಿ ಕಳ್ಳತನ ಎನ್ನುತ್ತಾರೆ.

ಹೀಗಿರುವಲ್ಲಿಗೆ ತಮ್ಮ ಆಲ್ಬಂ ಬಂತು. ಮೊದಲ ಸಲ ಅದನ್ನು ಹಾಕಿದಾಗ ನಾನು ಎದ್ದು ಹೋಗಿ ಬಚ್ಚಲಮನೆಯ ನಲ್ಲಿ ತಿರುಗಿಸಿ ಬಂದೆ. ತೊಟ್ಟಿಕ್ಕುವುದು ನಿಲ್ಲಲಿಲ್ಲ. ಅಡುಗೆಮನೆಯ ನಲ್ಲಿಯನ್ನೂ ತಿರುಗಿಸಿದ ಮೇಲೆ ನನ್ನ ಹೆಂಡತಿ, ಅದು ನಲ್ಲಿಯಲ್ಲ, ಸಂಗೀತ ಎಂದು ತಿಳಿಸಿದಳು. ಬೋರ್‌ವೆಲ್ ಬತ್ತುವ ಕಾಲಕ್ಕೆ ನಮ್ಮ ಬೀದಿಯಲ್ಲಿ ನೀರು ಬರುವುದೂ ಹೀಗೆಯೇ: ಒಂದು ತೊಟ್ಟು, ಆಮೇಲೆ ಯೋಚನೆ, ಆಮೇಲೆ ಅದೇ ತೊಟ್ಟು. ಹೊದಿಕೆಯ ಹಿಂದೆ ರಚನೆಗಳ ಹೆಸರು ನೋಡಿದೆ. ‘ಕೆರೆ’ ಎಂದಿತ್ತು. ಅದರ ಕೆಳಗೆ ‘ಕೆರೆ, ಮತ್ತೆ’. ಅದರ ಕೆಳಗೆ ‘ಅದೇ ಕೆರೆ’. ಒತ್ತುವರಿಯ ಈ ಕಾಲದಲ್ಲಿ ಒಂದು ಕೆರೆಯನ್ನು ಮೂರು ಮಾಡಿ ತೋರಿಸಿದ ತಮ್ಮ ಸಾಧನೆಯನ್ನು ಸರ್ಕಾರ ಗಮನಿಸಬೇಕೆಂದು ಈ ಮೂಲಕ ಪ್ರಾರ್ಥಿಸುತ್ತೇನೆ.

ಇಂಥ ಆಲ್ಬಂ ನನ್ನಂಥವನ ಮನೆಗೆ ಏಕೆ ಬಂತು ಎಂದು ತಾವು ಕೇಳಬಹುದು. ಅದಕ್ಕೆ ನಮ್ಮ ಜೊತೆಯಲ್ಲೇ ಇರುವ ನನ್ನ ಅಕ್ಕ ಗೋಪಾಲಮ್ಮನ ವಿಚಾರ ಹೇಳಬೇಕಾಗುತ್ತದೆ. ಅಕ್ಕನಿಗೆ ಒಳಗಿವಿಯ ತೊಂದರೆ. ಮಾತುಕತೆ, ಪಾತ್ರೆ ಸದ್ದು, ಬಸ್ಸಿನ ಹಾರನ್ನು ಇವನ್ನೆಲ್ಲ ಹೇಗೋ ತಡೆದುಕೊಳ್ಳುತ್ತಾಳೆ. ಡೋಲಿನ ಏಟು ಬಿದ್ದರೆ ಮಾತ್ರ ಭೂಮಿ ತಿರುಗಿ, ನಿಂತಲ್ಲೇ ಕುಸಿಯುತ್ತಾಳೆ. ಹೀಗಾಗಿ ನಮ್ಮ ನೆಂಟರಿಷ್ಟರ ಯಾವ ಮದುವೆಗೆ ಹೋದರೂ ಮುಹೂರ್ತದ ಹೊತ್ತಿಗೆ ಅವಳು ಛತ್ರದ ಉಗ್ರಾಣದಲ್ಲಿ, ಅಕ್ಕಿ ಮೂಟೆ ಕುಂಬಳಕಾಯಿಗಳ ನಡುವೆ, ಕಿವಿಗೆ ಹತ್ತಿ ತುರುಕಿಕೊಂಡು ಕೂತಿರುತ್ತಾಳೆ. ಅವಳ ಹಿರಿಯ ಮಗಳು ಶಿಲ್ಪಳ ಮದುವೆಯಲ್ಲೂ ಹಾಗೇ ಆಯಿತು. ಹಸೆಮಣೆಯ ಹತ್ತಿರ ನಿಂತಿದ್ದವಳು ಮೊದಲ ಡೋಲಿಗೇ ಬಿದ್ದಳು. ನಾಲ್ಕು ಜನ ಹಿಡಿದು ಉಗ್ರಾಣಕ್ಕೆ ಕರೆದುಕೊಂಡು ಹೋದರು, ಭಾವ ಚಿಕ್ಕಮಾರಯ್ಯನವರು ಅವಳ ಪಕ್ಕದಲ್ಲಿ ಕೂತರು, ತಂದೆತಾಯಿ ಎರೆಯಬೇಕಾದ ಧಾರೆಯನ್ನು ನಾನೂ ನನ್ನ ಹೆಂಡತಿಯೂ ಎರೆದೆವು. ಮಗಳ ಕೊರಳಿಗೆ ತಾಳಿ ಬಿದ್ದದ್ದನ್ನು ಹೆತ್ತವಳು ಗೋಡೆಯ ಆಚೆಯಿಂದ ತಿಳಿದುಕೊಂಡಳು. ನಮ್ಮಕ್ಕ ಅದನ್ನು ಇವತ್ತಿನವರೆಗೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ಅದರಿಂದ ನನಗೆ, ಅವಳು ಅತ್ತಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ನೋವಾಗಿದೆ.

ಈ ಸಲ ಕಿರಿಯವಳು ತೇಜಸ್ವಿನಿಯ ಮದುವೆ. ಅಕ್ಕನನ್ನು ಹೆಬ್ಬಾಳದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳು ಅವಳೇ. ಅಲ್ಲಿ ಕಾಯುವ ಜಾಗದಲ್ಲಿ ತಮ್ಮ ಆಲ್ಬಂ ಹಾಕಿದ್ದರಂತೆ. ಎಲ್ಲಿ ಯಾವ ಸದ್ದು ಎರಗುತ್ತದೋ ಎಂದು ಸದಾ ಭುಜ ಬಿಗಿಹಿಡಿದು ಕೂರುವ ಅಕ್ಕ, ‘ಕೆರೆ’ ಮುಗಿದು ‘ಕೆರೆ, ಮತ್ತೆ’ ಶುರುವಾಗುವಷ್ಟರಲ್ಲಿ ಮಗಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳಂತೆ. ಡಾಕ್ಟರು ಕರೆದರೂ ತೇಜಸ್ವಿನಿ ಎಬ್ಬಿಸದೆ, ನಮ್ಮ ಸರದಿ ಇನ್ನೊಬ್ಬರಿಗೆ ಕೊಡಿ ಎಂದಳಂತೆ. ಆಲ್ಬಂನ ಹೆಸರು ಕೇಳಿಕೊಂಡು ಬಂದು ನನ್ನ ಎದುರು ನಿಂತು ಹೇಳಿದ್ದು ಇಷ್ಟು: “ಮಾವ, ವಾಲಗ ಇದ್ರೆ ಅಮ್ಮ ಇರಲ್ಲ. ಅಮ್ಮ ಇಲ್ದಿದ್ರೆ ಹಸೆಮಣೆ ಮೇಲೆ ನಾನೂ ಇರಲ್ಲ. ಧಾರೆ ಅಮ್ಮನೇ ಎರೀಬೇಕು. ಏನ್ ಮಾಡ್ತೀರೋ ಮಾಡಿ.” ಸೋದರಮಾವ ಎಂಬ ಪದವಿಗೆ ಅಧಿಕಾರ ಕಡಿಮೆ, ಜವಾಬ್ದಾರಿ ಜಾಸ್ತಿ ಎಂಬುದು ತಮಗೆ ಗೊತ್ತಿರಬಹುದು.

ವಾದ್ಯವೇ ಇಲ್ಲದೆ ಮದುವೆ ಮಾಡೋಣವೆಂದರೆ ಗಂಡಿನ ತಾತ, ಯಲಹಂಕದ ಬ್ಯಾಟರಾಯಪ್ಪನವರು ಎದ್ದೇ ನಿಂತರು. “ಗಟ್ಟಿಮ್ಯಾಳ ಇಲ್ದೆ ತಾಳಿ ಕಟ್ಟದಾ? ಇಂಗೂ ಒಂದು ಮದ್ವೆ ಐತಾ? ಆ ಗಳಿಗೇಲಿ ಯಾವನಾರ ಸೀನಿದ್ರೆ, ಯಾವಳಾರ ಕೆಟ್ಟ ಮಾತು ಆಡಿದ್ರೆ, ಅದು ಮಕ್ಕಳ ಕಿವಿಗೆ ಬೀಳಬಾರ್ದು ಅಂತಾನೇ ಅಲ್ವೇನಪ್ಪಾ ಇರಿಯರು ಅದನ್ನ ಮಾಡಿರದು” ಎಂದು ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ಅವರ ಎರಡೂ ಕೈ ಹಿಡಿದು, ಗಟ್ಟಿಮೇಳ ಇದ್ದೇ ಇರುತ್ತದೆ, ಆದರೆ ಪಿಯಾನೋದಲ್ಲಿ ಇರುತ್ತದೆ, ತಾವು ನೋಡುತ್ತಿರಿ ಎಂದು ಮಾತು ಕೊಟ್ಟೆ. ಮಾತು ಕೊಟ್ಟ ಮೇಲೆ, ತಮ್ಮ ಆಲ್ಬಂನಲ್ಲಿ ಗಟ್ಟಿಮೇಳ ಎಲ್ಲಿದೆ ಎಂದು ಹುಡುಕಲು ಕೂತೆ.

ಮಾನ್ಯರೇ, ಹುಲ್ಲಿನ ಬಣವೆಯಲ್ಲಿ ಸೂಜಿಯನ್ನಾದರೂ ಹುಡುಕಬಹುದು, ಅಲ್ಲಿ ಬಣವೆಯಾದರೂ ಇರುತ್ತದೆ. ಗಣೇಶನಿಂದ ರಾಜ್ಯೋತ್ಸವದವರೆಗೆ ನಮ್ಮ ಊರಿನ ಎಲ್ಲ ಗದ್ದಲಕ್ಕೂ ಸೌಂಡ್ ಸಿಸ್ಟಂ ಒದಗಿಸುವ ಮಂಜೂರ್ ಎಂಬಾತನನ್ನು ಕರೆಸಿ, ಇಬ್ಬರೂ ಸ್ಪೀಕರಿಗೆ ಕಿವಿಯಿಟ್ಟು ಕೂತೆವು. ಆತ ಅರ್ಧ ಆಲ್ಬಂ ಕೇಳಿ ಕಂಗಾಲಾಗಿ, “ಸಾರ್, ಇದ್ರಲ್ಲಿ ಬೇಸೂ ಇಲ್ಲ, ಟ್ರೆಬಲ್ಲೂ ಇಲ್ಲ. ನಾನ್ ಯಾವ ಬಟನ್ ತಿರುಗಿಸ್ಲಿ ಸಾರ್?” ಎಂದ. ಕೊನೆಗೆ ಐದನೆಯ ರಚನೆಗೆ ಬಂದಾಗ ನಾವಿಬ್ಬರೂ ಬೆಚ್ಚಿಬಿದ್ದೆವು. ಅದರ ಹೆಸರು ‘ಟ್ಯಾಂಕರ್ ಬಂತು’. ಅಷ್ಟು ಹೊತ್ತು ಎಣಿಸಿ ಎಣಿಸಿ ಬಾರಿಸುತ್ತಿದ್ದ ತಾವು ಅಲ್ಲಿ ಎರಡೂ ಕೈಗಳನ್ನು ತಂದು, ಕೊಡಗಳು ಉರುಳಿದಂತೆ, ಪೈಪು ಎಳೆದಂತೆ, ಹೆಂಗಸರೆಲ್ಲ ಒಟ್ಟಿಗೆ ಓಡಿದಂತೆ ಬಾರಿಸಿದ್ದೀರಿ. ಬೆಂಗಳೂರಿನಲ್ಲಿ ಗಟ್ಟಿಮೇಳಕ್ಕೆ ಅರ್ಹವಾದ ಘಟನೆ ಎಂದರೆ ಮದುವೆ ಬಿಟ್ಟರೆ ನೀರಿನ ಟ್ಯಾಂಕರ್ ಬರುವುದೊಂದೇ ಎಂದು ಕಂಡುಕೊಂಡ ತಮಗೆ ನಾನು ಕುಳಿತಲ್ಲಿಂದಲೇ ಕೈಮುಗಿದೆ. ಅಕ್ಕನನ್ನು ಕೂರಿಸಿ ಕೇಳಿಸಿದೆವು. ಪಿಯಾನೋ ಎಷ್ಟು ಜೋರಾದರೂ ಅವಳಿಗೆ ತಲೆ ಸುತ್ತಲಿಲ್ಲ. ಮಂಜೂರ್ ಆ ಆಲ್ಬಂ ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡ. ಐದರ ಮುಂದಿನ ಆರನೆಯ ರಚನೆಯನ್ನು ಕೇಳುವ ಬುದ್ಧಿ ನಮಗೆ ಬರಲಿಲ್ಲ.

ಇನ್ನು ವಾಲಗದ ಆಂಜಿನಪ್ಪನ ಸಂಗತಿ. ನಮ್ಮ ಮನೆತನದ ಮದುವೆಗಳಿಗೆಲ್ಲ ಡೋಲು ಬಾರಿಸುತ್ತ ಬಂದಿರುವುದು ಅವನ ಮನೆತನ. ಬೇಡವೆಂದು ಹೇಳುವ ಬಾಯಿ ನಮಗಿಲ್ಲ. ಅದಕ್ಕೆ ಎಲೆಅಡಿಕೆ ತೆಗೆದುಕೊಂಡು ಹೋಗಿ, ಈ ಸಲ ಬಾರಿಸುವುದಕ್ಕಲ್ಲ, ಕೂರುವುದಕ್ಕೆ ಬಾ ಎಂದು ಕರೆದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, “ಗೋಪಾಲಕ್ಕಂಗೋಸ್ಕರ ಅಂದ್ರೆ ಬರ್ತೀನಿ ಬಿಡಿ. ಆದ್ರೆ ಕೈ ಸುಮ್ನಿರುತ್ತೆ ಅಂತ ಗ್ಯಾರಂಟಿ ಕೊಡಲ್ಲ” ಎಂದ.

ಮದುವೆಯ ದಿನ ಬೆಳಿಗ್ಗೆ ಛತ್ರದಲ್ಲಿ ತಮ್ಮ ‘ಕೆರೆ’ ಹರಡಿಕೊಂಡಿತ್ತು. ಸದ್ದಿನ ಮೇಲೆ ಸದ್ದು ಮಾಡಿ ಅಭ್ಯಾಸವಾಗಿದ್ದ ನಮ್ಮ ನೆಂಟರು, ಪಕ್ಕದವರು ಆಡಿದ ಮಾತೆಲ್ಲ ಕೇಳಿಸುತ್ತಿರುವುದನ್ನು ಕಂಡು ಗಾಬರಿಯಾಗಿ ಪಿಸುಮಾತಿಗೆ ಇಳಿದಿದ್ದರು. ಗಂಡಿನ ಕಡೆಯ ಸೀರೆ ಸಾಧಾರಣ ಎಂಬ ನಮ್ಮ ಕಡೆಯ ಒಂದು ಮಾತು ಗಂಡಿನ ಕಡೆಗೆ ಸ್ಪಷ್ಟವಾಗಿ ತಲುಪಿತು. ಅಕ್ಕ ಹೊಸ ರೇಷ್ಮೆ ಸೀರೆ ಉಟ್ಟು, ಇರಲಿ ಎಂದು ಮುಷ್ಟಿಯಲ್ಲಿ ಹತ್ತಿಯ ಎರಡು ಉಂಡೆ ಹಿಡಿದುಕೊಂಡು, ಹಸೆಮಣೆಯ ಪಕ್ಕದಲ್ಲೇ ನಿಂತಿದ್ದಳು. ಗಂಡು ಮುನೇಶನ ಎದುರಿಗೆ ಅಂತರಪಟ ಹಿಡಿದಿದ್ದರು. ನಾನು ಸೋದರಮಾವನ ಹಕ್ಕಿನಿಂದ ಹೆಣ್ಣನ್ನು ಕರೆತಂದು ಅದರ ಈಚೆಗೆ ನಿಲ್ಲಿಸಿದೆ.

ಇಲ್ಲೊಂದು ವಿಷಯ ತಮ್ಮ ಗಮನಕ್ಕೆ ತರಬೇಕು. ವಾಲಗದವರು ಇಡೀ ಮುಹೂರ್ತ ಪುರೋಹಿತರ ಕೈಯನ್ನೇ ನೋಡುತ್ತಿರುತ್ತಾರೆ. ಆ ಕೈ ಹೀಗೆ ಆಡಿದರೆ ಅಕ್ಷತೆ ಹಂಚಿ ಎಂದು, ಹಾಗೆ ಆಡಿದರೆ ಹೂವು ಕೊಡಿ ಎಂದು, ಎತ್ತಿ ಬೀಸಿದರೆ ಗಟ್ಟಿಮೇಳ ಎಂದು. ಇದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ತಲೆಮಾರಿನಿಂದ ನೋಡಿ ಕಲಿತದ್ದು. ಮಂಜೂರ್ ಕಲಿತಿದ್ದದ್ದು ಆರ್ಕೆಸ್ಟ್ರಾದಲ್ಲಿ. ಅಲ್ಲಿ ಯಾರು ಯಾಕೆ ಕೈ ಎತ್ತಿದರೂ ಸೌಂಡು ಏರಿಸು ಎಂದೇ ಅರ್ಥ. ಅಂತರಪಟಕ್ಕೆ ಅಡ್ಡ ಬಂದ ವೀಡಿಯೊದವನನ್ನು ಆಚೆ ಹೋಗಪ್ಪ ಎಂದು ಪುರೋಹಿತರಾದ ಕೃಷ್ಣಯ್ಯನವರು ಕೈ ಬೀಸಿದರು. ಅಷ್ಟೇ. ಛತ್ರದ ಮೂಲೆ ಮೂಲೆಯ ಸ್ಪೀಕರುಗಳಿಂದ ‘ಟ್ಯಾಂಕರ್ ಬಂತು’ ಧುಮುಕಿತು.

ಗಟ್ಟಿಮೇಳ ಕೇಳಿದ ಮೇಲೆ ನಮ್ಮ ಜನ ಎರಡು ಕೆಲಸ ಮಾಡುತ್ತಾರೆ: ಕೈಯಲ್ಲಿದ್ದ ಅಕ್ಷತೆ ಎಸೆಯುತ್ತಾರೆ, ಮೊದಲ ಪಂಕ್ತಿಗೆ ಓಡುತ್ತಾರೆ. ಎರಡನ್ನೂ ಅವರು ಚಾಚೂ ತಪ್ಪದೆ ಮಾಡಿದರು. ಇನ್ನೂ ಹೆಣ್ಣುಗಂಡು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಅಂತರಪಟದ ಮೇಲೆ ಅಕ್ಷತೆಯ ಮಳೆ ಸುರಿಯಿತು, ಅರ್ಧ ಛತ್ರ ಕುರ್ಚಿ ಬಿಟ್ಟು ಊಟದ ಹಾಲಿನ ಬಾಗಿಲಲ್ಲಿ ಒತ್ತಿಕೊಂಡು ನಿಂತಿತು. ಬ್ಯಾಟರಾಯಪ್ಪನವರು ನನ್ನತ್ತ ನೋಡಿ, ಪರವಾಗಿಲ್ಲ, ಮಾತು ಉಳಿಸಿಕೊಂಡೆ ಎನ್ನುವಂತೆ ತಲೆದೂಗಿದರು. ಕೃಷ್ಣಯ್ಯನವರು ಮಾತ್ರ ಪಂಚಾಂಗ ಎತ್ತಿಹಿಡಿದು, “ಅಯ್ಯೋ ಇನ್ನೂ ಏನೂ ಆಗಿಲ್ರೀ, ನಿಲ್ಲಿಸ್ರೀ!” ಎಂದು ಮೈಕಿನಲ್ಲೇ ಕೂಗಿಕೊಂಡರು. ಮಂಜೂರ್ ನಿಲ್ಲಿಸಿದ. ಊಟದ ಬಾಗಿಲಿನಿಂದ ಜನ ಮುಖ ಸಪ್ಪಗೆ ಮಾಡಿಕೊಂಡು, ಆದರೆ ಬಾಗಿಲಿನ ಹತ್ತಿರದ ಜಾಗ ಬಿಟ್ಟುಕೊಡದೆ, ಮಂಟಪದ ಕಡೆ ತಿರುಗಿ ನಿಂತರು.

ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಆಯಿತು, ಧಾರೆಯ ಸರದಿ ಬಂತು. ಮಂಜೂರ್ ಹೆದರಿ ಏನನ್ನೂ ಹಾಕಿರಲಿಲ್ಲ. ಭಾವ ಕೈ ಚಾಚಿದರು, ಅಕ್ಕ ತಂಬಿಗೆ ಹಿಡಿದಳು, ನೀರು ಒಂದೇ ಎಳೆಯಾಗಿ ಮಕ್ಕಳ ಕೈ ಮೇಲೆ ಬಿತ್ತು. ಅದು ಹರಿವಾಣಕ್ಕೆ ಬೀಳುವ ಸದ್ದು ನನಗೆ ಕೇಳಿಸಿತು. ಪ್ರೆಸ್ ಮಷೀನಿನ ಪಕ್ಕ ನಿಂತು ಕಿವಿ ಮಂದವಾದ ನನಗೆ ಅಷ್ಟು ಸಣ್ಣ ಸದ್ದು ಕೇಳಿಸಿ ಎಷ್ಟೋ ಕಾಲವಾಗಿತ್ತು.

ಆಮೇಲೆ ತಾಳಿ. ಮುನೇಶ್ ಅದನ್ನು ಕೈಗೆ ತೆಗೆದುಕೊಂಡ. ಕೃಷ್ಣಯ್ಯನವರು ಈ ಸಲ ಯಾರಿಗೂ ಅನುಮಾನ ಉಳಿಯದ ಹಾಗೆ ಕೈ ಎತ್ತಿ, “ಗಟ್ಟಿಮೇಳ! ಗಟ್ಟಿಮೇಳ!” ಎಂದರು. ಮಂಜೂರ್ ಬಟನ್ ಒತ್ತಿದ. ಆದರೆ ನಿಲ್ಲಿಸಿದ ಪೆನ್‌ಡ್ರೈವ್ ಹಿಂದಕ್ಕೆ ಹೋಗಲಿಲ್ಲ, ಮುಂದಕ್ಕೆ ಹೋಯಿತು. ಆಗ ಬಂದದ್ದೇ ತಮ್ಮ ಆರನೆಯ ರಚನೆ, ‘ಟ್ಯಾಂಕರ್ ಹೋಯಿತು’.

ಅದರಲ್ಲಿ ಏನಿದೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ, ಏಕೆಂದರೆ ಅದರಲ್ಲಿ ಏನೂ ಇಲ್ಲ. ಒಂದು ಸ್ವರ ‘ಟಣ್’ ಎಂದಿತು. ಮುಗಿಯಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ನಾನು ಹಿಂದೆಯೂ ಕೇಳಿದ್ದೆ, ಅದಕ್ಕೆ ಪಿಯಾನೋ ಹಿನ್ನೆಲೆ ಇದೆಯೆಂದು ಗೊತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ತಾವು ಸಮರ್ಥಿಸಿಕೊಳ್ಳಬಹುದು. ತಾಳಿ ಕಟ್ಟುವ ಹೊತ್ತಿನಲ್ಲಿ ಬಂಗಾರ ಕೊರಳಲ್ಲಿದ್ದರೆ ಸಾಕು, ಸ್ಪೀಕರಿನಲ್ಲಿ ಬೇಕಾಗಿಲ್ಲ. ಮಂಜೂರ್ ವೈರು ಕಿತ್ತುಹೋಯಿತೆಂದು ತಿಳಿದು, ಕಂಡ ಕಂಡ ಬಟನ್ನುಗಳನ್ನೆಲ್ಲ, ಪುರೋಹಿತರ ಮೈಕಿನದನ್ನೂ ಸೇರಿಸಿ, ಕೊನೆಯವರೆಗೆ ತಿರುಗಿಸಿದ. ಆಗ ತಮ್ಮ ಮೌನ ಪೂರ್ತಿ ಸೌಂಡಿನಲ್ಲಿ ಕೇಳಿಸತೊಡಗಿತು. ತಾವು ಉಸಿರು ಬಿಟ್ಟದ್ದು ಕೇಳಿಸಿತು. ತಾವು ಕೂತ ಸ್ಟೂಲು ಕಿರ್ ಎಂದದ್ದು ಕೇಳಿಸಿತು. ಅದಕ್ಕೊಂದು ಸ್ಕ್ರೂ ಹಾಕಿಸಿ.

ಬ್ಯಾಟರಾಯಪ್ಪನವರ ಮುಖ ಕಪ್ಪಿಟ್ಟಿತು. ಮುನೇಶ್ ತಾಳಿ ಹಿಡಿದು, ಕಟ್ಟಲೋ ಬೇಡವೋ ಎಂದು ತಾತನ ಮುಖ ನೋಡುತ್ತ ನಿಂತ. ನಾನು ಮುಂದಿನ ಸಾಲಿನಲ್ಲಿದ್ದ ಆಂಜಿನಪ್ಪನ ಕಡೆ ತಿರುಗಿದೆ. ಅವನ ಎರಡು ಕೈಗಳೂ ತೊಡೆಯ ಮೇಲೆ ಪೂರ್ತಿ ಗಟ್ಟಿಮೇಳ ಬಾರಿಸುತ್ತಿದ್ದವು, ಬೆರಳು ಪಂಚೆಗೆ ತಾಗುತ್ತಿತ್ತು, ಚೂರೂ ಸದ್ದು ಬರುತ್ತಿರಲಿಲ್ಲ, ಕಣ್ಣು ಅಕ್ಕನ ಮೇಲಿತ್ತು. ಅಷ್ಟರಲ್ಲಿ ಅದೇ ರೆಕಾರ್ಡಿಂಗಿನೊಳಗೆ, ತಮ್ಮ ಕಿಟಕಿಯ ಆಚೆ, ಅಲ್ಲಾಳಸಂದ್ರದ ಕೆರೆಯ ಕಡೆಯಿಂದ, ಒಂದು ಹಕ್ಕಿ ‘ಊಪ್, ಊಪ್, ಊಪ್’ ಎಂದು ಛತ್ರ ತುಂಬ ಕೂಗಿತು.

“ಕೆಂಬೂತ!” ಎಂದು ಬ್ಯಾಟರಾಯಪ್ಪನವರು ಎದ್ದು ನಿಂತರು. “ಕೆಂಬೂತ ಕೂಗ್ತು ಕಣ್ರಪ್ಪೋ! ಇದ್ಕಿಂತ ಒಳ್ಳೆ ಸಕುನ ಇನ್ಯಾವುದೈತೆ? ಕಟ್ಟೋ ಮುನೇಶ, ಕಟ್ಟು!” ನವಿಲನ್ನು ನೋಡಿ ಕೆಂಬೂತ ಗರಿ ಕೆದರಿತು ಎಂದು ಅದನ್ನು ಆಡಿಕೊಂಡು ನಕ್ಕವರು ನಾವು. ಆವತ್ತು ನಮ್ಮ ಮಾನ ಉಳಿಸಿದ್ದು ಅದೇ ಕೆಂಬೂತ. ಅದಕ್ಕೆ ನನ್ನ ಪ್ರತ್ಯೇಕ ಧನ್ಯವಾದ ತಿಳಿಸಬೇಕಾಗಿ ಕೋರಿಕೆ.

ಇಲ್ಲಿಗೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನನ್ನ ನಿಜವಾದ ದೂರು ಈಗ ಬರುತ್ತದೆ. ಗಟ್ಟಿಮೇಳವಿರುವುದು ಸೀನು ಮುಚ್ಚಲಿಕ್ಕೆ, ಕೆಟ್ಟ ಮಾತು ಮುಚ್ಚಲಿಕ್ಕೆ ಎಂದು ಬ್ಯಾಟರಾಯಪ್ಪನವರಂಥ ಗಂಡಿನ ಕಡೆಯವರು ನಂಬಿದ್ದಾರೆ. ಹೆಣ್ಣಿನ ಕಡೆಯ ನಮಗೆ ಗೊತ್ತು, ಅದು ಮನೆಯ ಗಂಡಸರು ಅಳಲಿಕ್ಕೆಂದು ಹಿರಿಯರು ಮಾಡಿಟ್ಟ ಏರ್ಪಾಡು. ಎತ್ತಿ ಆಡಿಸಿದ ಹುಡುಗಿ ಬೇರೆ ಮನೆಯವಳಾಗುವ ಆ ಗಳಿಗೆಯಲ್ಲಿ ಮೀಸೆ ಹೊತ್ತವನು ಎಲ್ಲಿಗೆ ಹೋಗಬೇಕು? ಡೋಲಿನ ಸದ್ದಿನೊಳಗೆ ಹೋಗಬೇಕು. ಶಿಲ್ಪಳ ಮದುವೆಯಲ್ಲಿ ನಾನು ಆಂಜಿನಪ್ಪನ ಡೋಲಿನ ಒಳಗೆ ಮನಸಾರೆ ಅತ್ತೆ, ಒಂದು ನರಪಿಳ್ಳೆಗೂ ತಿಳಿಯಲಿಲ್ಲ. ಅವನೊಬ್ಬನಿಗೆ ತಿಳಿಯಿತು, ನನ್ನ ಮುಖ ನೋಡಿ ಇನ್ನೂ ನಾಲ್ಕು ಏಟು ಜಾಸ್ತಿ ಹಾಕಿದ. ಡೋಲಿನವನ ಉಪಕಾರ ಎಂದರೆ ಅದು.

ತೇಜಸ್ವಿನಿಯ ಕೊರಳಿಗೆ ತಾಳಿ ಬೀಳುವಾಗ ನಾನು ಅಕ್ಕನ ಮುಖ ನೋಡಿದೆ. ನೋಡಬಾರದಿತ್ತು. ಅವಳು ಉಗ್ರಾಣದಲ್ಲಿರಲಿಲ್ಲ, ಮಗಳಿಗೆ ಒಂದು ಗೇಣು ದೂರದಲ್ಲಿದ್ದಳು, ಕಣ್ಣು ಮಿಟುಕಿಸದೆ ಮೂರು ಗಂಟನ್ನೂ ನೋಡುತ್ತಿದ್ದಳು, ಮುಷ್ಟಿ ಬಿಚ್ಚಿಹೋಗಿ ಹತ್ತಿಯ ಉಂಡೆಗಳು ಕಾಲಬಳಿ ಬಿದ್ದಿದ್ದವು. ನನಗೆ ಸಂತೋಷ ತಡೆಯಲಾಗಲಿಲ್ಲ. ಅಭ್ಯಾಸಬಲದಿಂದ, ಗಟ್ಟಿಮೇಳ ಇದ್ದೇ ಇದೆ ಎಂಬ ಭರವಸೆಯಿಂದ, ನಾನು ಬಾಯಿ ಬಿಟ್ಟೆ. ತಾವು ಸುಮ್ಮನಿದ್ದಿರಿ. ಪಕ್ಕದಲ್ಲಿ ಪುರೋಹಿತರ ಮೈಕಿತ್ತು. ಮಂಜೂರ್ ಅದನ್ನು ಕೊನೆಯವರೆಗೆ ತಿರುಗಿಸಿದ್ದ. ಜಾಲಹಳ್ಳಿ ಕಾರ್ಖಾನೆಯ ಶಿಫ್ಟಿನ ಸೈರನ್ನಿನಂತೆ ನನ್ನ ಅಳು ನಾಲ್ಕೂ ಸ್ಪೀಕರುಗಳಿಂದ ಹೊರಟು, ಛತ್ರ ದಾಟಿ, ಏರ್‌ಪೋರ್ಟ್ ರಸ್ತೆಯ ಫ್ಲೈಓವರ್ ಮೇಲೂ ಕೇಳಿಸಿತೆಂದು ತಡವಾಗಿ ಬಂದ ನೆಂಟರು ಹೇಳಿದ್ದಾರೆ.

ಆಗ ಅಕ್ಕ ತಿರುಗಿ, ಅದೇ ಮೈಕಿನ ಎದುರಿಗೆ, ಆಡಿದ ಮಾತು ಇದು: “ಯೋಗಿ, ಮೆಲ್ಲಗೆ ಅಳೋ. ನಂಗೆ ತಲೆ ಸುತ್ತುತ್ತೆ.”

ಛತ್ರ ನಕ್ಕಿತು, ಮಾನ್ಯರೇ. ಎರಡೂ ಕಡೆಯವರು, ಊಟದ ಬಾಗಿಲಿನಲ್ಲಿ ನಿಂತವರು, ಅಡುಗೆಯವರು, ವೀಡಿಯೊದವನು, ಹಸೆಮಣೆಯ ಮೇಲಿದ್ದ ಹುಡುಗಿ, ಎಲ್ಲರೂ ನಕ್ಕರು. ಆ ನಗು ಯಾವ ಡೋಲಿಗಿಂತಲೂ ಕಡಿಮೆಯಿರಲಿಲ್ಲ, ಮತ್ತು ಅದರ ನಡುವೆ ನಮ್ಮಕ್ಕ ಬೀಳದೆ, ತೂಗಾಡದೆ, ಸೆರಗು ಬಾಯಿಗಿಟ್ಟುಕೊಂಡು ಎಲ್ಲರಿಗಿಂತ ಜಾಸ್ತಿ ನಗುತ್ತ ನಿಂತಿದ್ದಳು. ಬ್ಯಾಟರಾಯಪ್ಪನವರು ಹೆಗಲ ಮೇಲಿನ ಟವೆಲ್ ಕೊಡವಿ, “ಆಯ್ತು, ಗಟ್ಟಿಮ್ಯಾಳ ಆಯ್ತು, ಎಲೆ ಆಕ್ರಪ್ಪಾ” ಎಂದು ತೀರ್ಪು ಕೊಟ್ಟರು. ಊಟದ ಬಾಗಿಲು ತೆರೆಯಿತು.

ಇದಾದ ಮೇಲೆ ಕೊಡಿಗೇಹಳ್ಳಿಯಲ್ಲಿ ನನ್ನ ಬದುಕು ಹೇಗಿದೆ ಎಂದು ತಾವು ಊಹಿಸಬಹುದು. ಗಣೇಶೋತ್ಸವ ಸಮಿತಿಯ ಸಭೆಯಲ್ಲಿ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಯಾರೋ ಒಬ್ಬರು “ಮೆಲ್ಲಗೆ ಅಣ್ಣಾ” ಎನ್ನುತ್ತಾರೆ. ಹಾಲು ತರಲು ಹೋದರೆ ಅಂಗಡಿಯವನು ಕರ್ಚೀಫು ಬೇಕೇ ಎಂದು ಕೇಳುತ್ತಾನೆ. ಮಂಜೂರ್ ಮಾತ್ರ ಉದ್ಧಾರವಾಗಿದ್ದಾನೆ. ಎದೆರೋಗದ ಅಜ್ಜಿಯರು, ಹಸುಗೂಸುಗಳು ಇರುವ ಮನೆಯವರೆಲ್ಲ ‘ಟ್ಯಾಂಕರ್ ಮ್ಯೂಸಿಕ್’ ಬೇಕೆಂದು ಅವನನ್ನು ಹುಡುಕಿಕೊಂಡು ಬರುತ್ತಿದ್ದು, ‘ಪಿಯಾನೋ ಗಟ್ಟಿಮೇಳಕ್ಕೆ ಸಂಪರ್ಕಿಸಿ’ ಎಂದು ಆತ ಬೋರ್ಡೇ ಬರೆಸಿ ಹಾಕಿದ್ದಾನೆ.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹಗಳು ಹೀಗಿವೆ. ಮುಂದಿನ ಆಲ್ಬಂನಲ್ಲಿ ‘ಟ್ಯಾಂಕರ್ ಬಂತು’ ರಚನೆಯನ್ನು, ನಮ್ಮ ಬೀದಿಯ ಒಂದು ಸಂಪು ತುಂಬುವಷ್ಟು ಹೊತ್ತಾದರೂ ಬಾರಿಸಬೇಕು. ಮೌನವನ್ನು ಸಂಗೀತದೊಳಗೆ ಕಲೆಸದೆ, ಎಲೆಯ ತುದಿಗೆ ಉಪ್ಪು ಬಡಿಸಿದಂತೆ ಬೇರೆಯಾಗಿ ಕೊಟ್ಟರೆ, ಬೇಕಾದವರು ಬೇಕಾದಷ್ಟು ಬೆರೆಸಿಕೊಳ್ಳುತ್ತಾರೆ. ಹೊದಿಕೆಯ ಮೇಲೆ ತಮ್ಮ ಬೆನ್ನಿನ ಪಕ್ಕದಲ್ಲಿ, ಹೆಣ್ಣಿನ ಕಡೆಯ ಗಂಡಸರು ಈ ಆಲ್ಬಂ ನಡೆಯುವಾಗ ಮೈಕಿನಿಂದ ದೂರವಿರತಕ್ಕದ್ದು ಎಂಬ ಎಚ್ಚರಿಕೆ ದಪ್ಪಕ್ಷರದಲ್ಲಿರಬೇಕು. ಕೆಂಬೂತವು ಮದುವೆಯ ತಿಂಗಳುಗಳಲ್ಲಿ ರಜೆ ಹಾಕದಂತೆ ತಾವು ನೋಡಿಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಯಾವುದಕ್ಕೂ ಕಣ್ಣೀರು ಹಾಕದ ಗಟ್ಟಿ ಮನುಷ್ಯ ಎಂದು ನಾನು ಇಷ್ಟು ವರ್ಷ ಜೋಪಾನ ಮಾಡಿಟ್ಟಿದ್ದ ಹೆಸರನ್ನು, ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ, ನನಗೆ ಹಿಂದಿರುಗಿಸಬೇಕು.

ಅದು ತಮ್ಮಿಂದಾಗದಿದ್ದರೆ, ತಾವು ಪಿಯಾನೋ ಸಮೇತ ನಮ್ಮ ಮನೆಗೆ ಒಮ್ಮೆ ದಯಮಾಡಿಸಬೇಕು. ಹದಿನಾರು ಅಡಿಯ ಗಣಪತಿಯನ್ನು ಮೂಗು ತಾಗದಂತೆ ನೀರಿಗಿಳಿಸುವ ನಮ್ಮ ಸಮಿತಿಯವರಿಗೆ ತಮ್ಮ ಪಿಯಾನೋವನ್ನು ಎರಡನೇ ಮಹಡಿಗೆ ಏರಿಸುವುದು ಕಷ್ಟವಲ್ಲ. ಅಕ್ಕ ಸಂಜೆ ಹೊತ್ತು ‘ಕೆರೆ, ಮತ್ತೆ’ ಹಾಕಿಕೊಂಡು, ಕಾಲು ಚಾಚಿ, ಭುಜ ಸಡಿಲ ಬಿಟ್ಟು ಕೂರುತ್ತಾಳೆ. ಅವಳ ಎದುರು ತಾವೇ ಕೂತು ಬಾರಿಸಿದರೆ ಅವಳಿಗೆ ಬಹಳ ಸಂತೋಷವಾಗುತ್ತದೆ. ನನಗೂ ಆಗುತ್ತದೆ ಎಂಬುದನ್ನು ಇಲ್ಲಿ ಬರೆದರೆ ದೂರಿನ ಬಲ ಕುಂದುವುದರಿಂದ ಬರೆಯುತ್ತಿಲ್ಲ.

ಇಷ್ಟೆಲ್ಲ ಆದ ಮೇಲೂ
ತಮ್ಮ ವಿಶ್ವಾಸಿ,
ಯೋಗಾನಂದ

ಮರೆತ ಮಾತು: ಬರುವ ಮಾಘದಲ್ಲಿ ನನ್ನ ಸ್ವಂತ ಮಗಳ ಮದುವೆ. ಅಲ್ಲೂ ಅಕ್ಕ ಹಸೆಮಣೆಯ ಪಕ್ಕದಲ್ಲೇ ನಿಲ್ಲಬೇಕು, ಹಾಗಾಗಿ ತಮ್ಮ ಆಲ್ಬಂ ಬಿಟ್ಟರೆ ಗತಿಯಿಲ್ಲ. ಅದಕ್ಕೆ ಈಗಿನಿಂದಲೇ ತಮ್ಮ ‘ಟ್ಯಾಂಕರ್ ಹೋಯಿತು’ ಹಾಕಿಕೊಂಡು, ತಮ್ಮದೇ ಶೈಲಿಯಲ್ಲಿ ಅಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ: ಒಂದು ಬಿಕ್ಕು, ಆಮೇಲೆ ಉದ್ದ ಬಿಡುವು, ಆಮೇಲೆ ಅದೇ ಬಿಕ್ಕು. ಪಕ್ಕದ ಕೋಣೆಯಿಂದ ಅಕ್ಕ, “ಇನ್ನೂ ಜೋರಾಯ್ತು ಕಣೋ” ಎನ್ನುತ್ತಾಳೆ.